ಒಂದೇ ಜಾತಿಯ ತೋಪು, ಹಲವು ಜಾತಿಯ ತೋಪು ಮತ್ತು ಬಾವಿಯ ನೀರು

‘ಗಿಡ ಹಚ್ಚಿದರೆ ಮಳೆ ಬರುವದು, ಮಳೆ ಬಂದರೆ ಬಾವಿ ತುಂಬುವದು’ ಎಂಬ ಮಾತನ್ನು ನಾವೆಲ್ಲರೂ ಕನ್ನಡ ಶಾಲೆಯ ಗೋಡೆಯ ಮೇಲೆ ಓದಿದ್ದೇವೆ. ವನಮಹೋತ್ಸವದ ಭಾಷಣಗಳಲ್ಲಿ ವರ್ಷವರ್ಷವೂ ಕೇಳುತ್ತ ಬಂದಿದ್ದೇವೆ. ಮಾತು ಒಳ್ಳೆಯದು, ಆದರೆ ಅರ್ಧದ್ದು. ಗಿಡವು ನೀರನ್ನು ನೆಲದಲ್ಲಿ ಇಂಗಿಸುವದು ಎಷ್ಟು ನಿಜವೋ, ಅದೇ ನೀರನ್ನು ಬೇರಿನಿಂದ ಹೀರಿ ಎಲೆಯಿಂದ ಗಾಳಿಗೆ ಬಿಡುವದೂ ಅಷ್ಟೇ ನಿಜ. ಹೀಗಿರುವಾಗ ಎಷ್ಟು ಗಿಡ ಹಚ್ಚಿದೆವು ಎಂಬ ಲೆಕ್ಕಕ್ಕಿಂತ ಯಾವ ಗಿಡಗಳನ್ನು, ಎಂಥ ನೆಲದಲ್ಲಿ, ಯಾವುದರ ಜೊತೆಗೆ ಹಚ್ಚಿದೆವು ಎಂಬ ಪ್ರಶ್ನೆಯೇ ದೊಡ್ಡದು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಸಮೀರವಾಡಿಯ ಹೆಸರನ್ನು ಕೇಳಿದವರಿಗೆ ಸಕ್ಕರೆ ಕಾರ್ಖಾನೆ, ಅದರ ಸುತ್ತ ಕಣ್ಣು ಹರಿಯುವವರೆಗೂ ಹಬ್ಬಿದ ಕಬ್ಬು, ಘಟಪ್ರಭೆಯ ಎಡದಂಡೆ ಕಾಲುವೆ, ಇವೇ ಕಣ್ಣ ಮುಂದೆ ಬರುತ್ತವೆ. ಇಲ್ಲಿಗೆ ನೀರಿನ ಚಿಂತೆ ಏಕೆ ಎಂದು ಹೊರಗಿನವರು ಕೇಳಬಹುದು. ಆದರೆ ಕಾಲುವೆಯ ನೀರು ಏರು ಹತ್ತುವದಿಲ್ಲ. ಎರಿ ಹೊಲಗಳನ್ನು ದಾಟಿ ಮೇಲೆ ಹೋದರೆ ಮಸಾರಿ, ಅದರ ಮೇಲೆ ಗರಸು. ಅಲ್ಲಿಯ ಬಾವಿಗಳಿಗೆ ಮಳೆಯೇ ಗತಿ. ನಮ್ಮ ಮನೆಯ ಮೂರೂವರೆ ಎಕರೆಯೂ ಆ ಏರಿನ ಬುಡದಲ್ಲಿಯೇ ಇದೆ. ಏರಿನ ಮೇಲಿನ ಗಾಯರಾಣದಲ್ಲಿ ಗಿಡ ಹಚ್ಚಬೇಕೆಂಬ ಮಾತು ಕಳೆದ ವರ್ಷ ಗ್ರಾಮಸಭೆಯಲ್ಲಿ ಎದ್ದಿತು. ಕೆಲವರು ಬೇಗ ಬೆಳೆದು ಬೇಗ ರೊಕ್ಕ ಕೊಡುವ ಒಂದೇ ಜಾತಿಯ ಗಿಡ ಇರಲಿ ಎಂದರು. ಕೆಲವರು ಬೇವು, ಹುಣಸಿ, ಬನ್ನಿ ಎಲ್ಲ ಕೂಡಿ ಇರಲಿ ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ತಂದೆಯವರು ನನ್ನನ್ನು ಕೇಳಿದರು: “ನೀ ಕಾಲೇಜಿಗೆ ಹೋಗಾಂವ ಅದಿ. ಹೇಳು ನೋಡೂಣು ತಮ್ಮಾ, ಯಾ ಗಿಡಾ ಹಚ್ಚಿದ್ರ ನಮ್ಮ ಬಾವ್ಯಾಗ ನೀರ ನಿಂದರತೈತಿ?” ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಂದೆಯವರಿಗೆ ಸಹಿ ಮಾಡಲಷ್ಟೇ ಬರುವದು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ ಓದಿದ ಬಿ. ಎ. ವಿದ್ಯಾರ್ಥಿಯು ಇಂಥ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಮೂರು ವರ್ಷ ಬಸ್ಸಿನ ಪಾಸು ತೆಗೆದುದಕ್ಕೆ ಅರ್ಥವೇನು? ಹೀಗೆಂದು ಹುಡುಕಲು ತೊಡಗಿದೆ. ಕಂಡುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಮಳೆಯ ಲೆಕ್ಕ ನೋಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 4,047 ಲೀಟರು ನೀರು. ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 550 ಮಿ. ಮೀ. ಮಳೆ ಎಂದು ಹಿಡಿದರೆ ಒಂದೊಂದು ಎಕರೆಗೆ 22 ಲಕ್ಷ ಲೀಟರು ಆಯಿತು. ಕೇಳಲು ಇದು ದೊಡ್ಡ ಸಂಪತ್ತು. ಆದರೆ ಇದರಲ್ಲಿ ಒಂದು ಪಾಲು ಎಲೆಗಳ ಮೇಲೆಯೇ ನಿಂತು ಆರಿ ಹೋಗುವದು. ಒಂದು ಪಾಲು ಇಳಿಜಾರಿನಲ್ಲಿ ಓಡಿ ಹಳ್ಳ ಸೇರುವದು. ಒಂದು ಪಾಲು ಮೇಲುಮಣ್ಣಿನಲ್ಲಿ ನಿಂತು ಬಿಸಿಲಿಗೂ ಬೇರಿಗೂ ಸಲ್ಲುವದು. ಇವೆಲ್ಲವನ್ನೂ ಕಳೆದು ಉಳಿದದ್ದು ಮಾತ್ರ ಬೇರಿನ ಕೈಗೆ ಸಿಗದಷ್ಟು ಕೆಳಗಿಳಿದು ಬಾವಿಯ ಸೆಲೆಯಾಗುವದು. ಬಾವಿಗೆ ಮುಟ್ಟುವದು ಎಲ್ಲರೂ ಉಂಡ ಮೇಲೆ ಉಳಿದ ಬುತ್ತಿ ಎಂದು ತಿಳಿಯಬೇಕು. ಗಿಡವು ಈ ಲೆಕ್ಕದಲ್ಲಿ ಎರಡು ಕಡೆ ಕೈ ಹಾಕುವದು. ಓಡುವ ನೀರನ್ನು ನಿಲ್ಲಿಸಿ ಇಂಗಿಸುವದು ಜಮೆಯ ಕಡೆ. ಇಂಗಿದ್ದನ್ನು ಕುಡಿಯುವದು ಖರ್ಚಿನ ಕಡೆ. ಜಮೆ ಹೆಚ್ಚೋ ಖರ್ಚು ಹೆಚ್ಚೋ ಎಂಬುದರ ಮೇಲೆ ಬಾವಿಯ ಭವಿಷ್ಯ ನಿಂತಿದೆ.

ಏಕಜಾತಿಯ ತೋಪು ಎಂದೊಡನೆ ಕರ್ನಾಟಕದವರಾದ ನಮಗೆ ನೆನಪಾಗುವದು ನೀಲಗಿರಿ ಗಿಡ. ಆಸ್ಟ್ರೇಲಿಯದ ಈ ಗಿಡ ಟಿಪ್ಪುಸುಲ್ತಾನನ ಕಾಲಕ್ಕೇ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವರು. ಅದು ಹೊಲಗಳಿಗೆ ಇಳಿದದ್ದು ಮಾತ್ರ ಬಹಳ ಈಚೆಗೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ, ಬೆಂಗಳೂರು ಭಾಗದ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದು ನಿಂತಿತು. ದನ ಮೇಯುವದಿಲ್ಲ, ಕಾಯುವ ಆಳು ಬೇಡ, ಕಡಿದರೆ ಮತ್ತೆ ಚಿಗುರುವದು, ಕೊಳ್ಳುವವರು ಹೊಲಕ್ಕೇ ಬರುವರು. ಒಕ್ಕಲಿಗನು ಅದನ್ನು ಒಪ್ಪಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೂಲಿ ಕೆಲಸ ಹೋಯಿತು, ಮೇವು ಹೋಯಿತು, ನೀರೂ ಹೋದೀತೆಂಬ ಅಂಜಿಕೆ ಹುಟ್ಟಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವುಗಳ ಬೀಜ ಊರಿದರು.

ನಮಗೆ ಇನ್ನೂ ಹತ್ತಿರದ ಕಥೆ ಆಗಿನ ಧಾರವಾಡ ಜಿಲ್ಲೆಯದು. 1984ರಲ್ಲಿ ರಾಜ್ಯ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಕಂಪನಿಯನ್ನು ಕಟ್ಟಿದವು. ರೇಯಾನ್ ನೂಲಿಗೆ ಬೇಕಾಗುವ ಕಟ್ಟಿಗೆಯ ತಿರುಳಿಗಾಗಿ ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಗಿಡಗಳನ್ನು ಬೆಳೆಯುವ ಯೋಜನೆ ಅದು. ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಹಳ್ಳಿಗರಿಗೆ ಅದು ತಮ್ಮ ನೆಲವೆಂಬ ಭಾವನೆ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜನರನ್ನು ಒಟ್ಟುಗೂಡಿಸಿದರು, ಡಾ. ಶಿವರಾಮ ಕಾರಂತರು ಜೊತೆಗೂಡಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1987ರ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಹೆಸರೇ ಎಲ್ಲವನ್ನೂ ಹೇಳುವದು: ನೀಲಗಿರಿಯನ್ನು ಕೀಳುವದು, ಊರಿಗೆ ಬೇಕಾದ ಗಿಡಗಳನ್ನು ಹಚ್ಚುವದು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ನಿರ್ಧಾರವಾಯಿತು. ಆ ಜಗಳದಲ್ಲಿ ನೀರು ಒಂದು ಎಳೆ ಮಾತ್ರ. ಮುಖ್ಯವಾದದ್ದು ನೆಲ ಯಾರದು ಎಂಬ ಪ್ರಶ್ನೆ. ಆದರೂ ಹಲವು ಜಾತಿಯ ಗಿಡಗಳು ಬೇಕು ಎಂಬ ಮಾತನ್ನು ನಮ್ಮ ಕಡೆಯ ಹಳ್ಳಿಗರು ಅಷ್ಟು ಗಟ್ಟಿಯಾಗಿ ಹೇಳಿದ್ದು ಆಗಲೇ ಎಂದು ನನಗೆ ಅನಿಸುತ್ತದೆ.

ಇನ್ನು ಅಂಜಿಕೆ ನಿಜವೋ ಎಂಬುದನ್ನು ಅಳೆದು ನೋಡಿದವರಿದ್ದಾರೆ. 1980ರ ದಶಕದ ಕೊನೆಗೆ ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮೊದಲಾದವರು ನಮ್ಮ ಅರಣ್ಯ ಇಲಾಖೆಯೊಂದಿಗೆ ಕೂಡಿ ಕರ್ನಾಟಕದ ಬೇರೆ ಬೇರೆ ಸ್ಥಳಗಳಲ್ಲಿ ನೆಲದೊಳಗೆ ಕೊಳವೆ ಇಳಿಸಿ, ಯಾವ ಆಳದಲ್ಲಿ ಎಷ್ಟು ತೇವ ಇದೆ ಎಂಬುದನ್ನು ಅಳೆಯುತ್ತ ಹೋದರು. ಅವರಿಗೆ ಕಂಡದ್ದು ಎರಡು ಮುಖದ ಸತ್ಯ. ಮೂರು ಮೀಟರಿನಷ್ಟು ಮಣ್ಣಿರುವ ಕಡೆ ನೀಲಗಿರಿಯ ತೋಪು ಕುಡಿದ ನೀರೂ ಅಲ್ಲಿಯದೇ ಆದ ಒಣ ಅಡವಿ ಕುಡಿದ ನೀರೂ ಹೆಚ್ಚುಕಡಿಮೆ ಸಮ. ಎರಡೂ ಬಿದ್ದ ಮಳೆಯನ್ನು ಬಹುತೇಕ ಮುಗಿಸುತ್ತಿದ್ದವು. ಆದರೆ ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬೇರೆಯೇ ಆಯಿತು. ಮೂರು ವರ್ಷಗಳಲ್ಲಿ ಬಿದ್ದ ಮಳೆ 2,100 ಮಿ. ಮೀ.; ಗಿಡಗಳು ಬಳಸಿದ ನೀರು 3,400 ಮಿ. ಮೀ. ಆದಾಯಕ್ಕಿಂತ ಖರ್ಚು ಹೆಚ್ಚು! ಹೆಚ್ಚಿನದು ಎಲ್ಲಿಂದ ಬಂತು? ಬೇರುಗಳು ವರ್ಷಕ್ಕೆ ಎರಡೂವರೆ ಮೀಟರಿನಂತೆ ಕೆಳಗಿಳಿಯುತ್ತ, ಹಿಂದಿನ ಮಳೆಗಾಲಗಳು ನೆಲದಲ್ಲಿ ಕೂಡಿಟ್ಟ ತೇವವನ್ನು ಹೀರುತ್ತ ಹೋಗಿದ್ದವು. ಆ 1,300 ಮಿ. ಮೀ. ಕೊರತೆಯನ್ನು ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು 52 ಲಕ್ಷ ಲೀಟರು. ಅಪ್ಪ ಅಜ್ಜ ಕೂಡಿಟ್ಟ ಗಂಟನ್ನು ಮೊಮ್ಮಗ ಮೂರು ವರ್ಷದಲ್ಲಿ ಕರಗಿಸಿದ ಹಾಗೆ. ಅದೇ ಅಭ್ಯಾಸದಲ್ಲಿ ತೋಪಿನ ಗಿಡಗಳು ರಾಗಿಯ ಬೆಳೆಗಿಂತ ಸುಮಾರು ಎರಡು ಪಟ್ಟು ನೀರು ಬಳಸುವದೂ ಕಂಡುಬಂತು.

ಇಲ್ಲಿ ನಮ್ಮ ಮೇಲೆಯೇ ಒಂದು ಮಾತು ಹೇಳಿ ಮುಂದೆ ಹೋಗುವೆ. ಕಬ್ಬಿಗೆ ಒಂದು ಬೆಳೆಯಲ್ಲಿ 1,500ರಿಂದ 2,500 ಮಿ. ಮೀ. ನೀರು ಬೇಕು. ಅಂದರೆ ನಮ್ಮ ಆಕಾಶ ಕೊಡುವದರ ಮೂರು ನಾಲ್ಕು ಪಟ್ಟು. ಕಬ್ಬಿನ ಹೊಲದ ಬದುವಿನ ಮೇಲೆ ನಿಂತು ನೀಲಗಿರಿಗೆ ‘ನೀರುಬಾಕ’ ಎಂದು ಬೈಯುವಾಗ ನಾವು ದನಿಯನ್ನು ಸ್ವಲ್ಪ ತಗ್ಗಿಸುವದು ಒಳ್ಳೆಯದು. ಕಬ್ಬಿನದು ಕಾಲುವೆಯ ನೀರಲ್ಲವೇ ಎಂದರೆ ಹೌದು, ಕೆಳಗಿನ ಹೊಲಗಳಲ್ಲಿ. ಏರಿನ ಬುಡದಲ್ಲಿ ಬೋರ್ ಹೊಡೆಸಿ ಕಬ್ಬು ಮಾಡಿದವರ ಲೆಕ್ಕ ಬೇರೆ.

ಹಾಗಾದರೆ ಹಲವು ಜಾತಿಗಳನ್ನು ಕೂಡಿಸಿ ಹಚ್ಚಿದರೆ ನೀರು ಉಳಿಯುವದೇ? ಹೊರಗಿನ ದೇಶಗಳ ಎರಡು ದೃಷ್ಟಾಂತಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅಮೇರಿಕದ ಉತ್ತರ ಕೆರೊಲಿನಾದಲ್ಲಿ ಕೊವೀಟಾ ಎಂಬ ಪ್ರಯೋಗಕ್ಷೇತ್ರವಿದೆ. ಅಲ್ಲಿ ಹಲವು ಜಾತಿಯ ಎಲೆಯುದುರುವ ಗಿಡಗಳ ಅಡವಿಯನ್ನು ಕಡಿದು ಬಿಳಿ ಪೈನ್ ಎಂಬ ಒಂದೇ ಜಾತಿಯನ್ನು ಹಚ್ಚಿದರು. ಹದಿನೈದು ವರ್ಷ ತುಂಬುವಷ್ಟರಲ್ಲಿ ಹಳ್ಳದ ಹರಿವು ನೂರಕ್ಕೆ ಇಪ್ಪತ್ತರಷ್ಟು ಕಡಿಮೆಯಾಯಿತು. ಪೈನ್ ಚಳಿಗಾಲದಲ್ಲಿಯೂ ಎಲೆ ಇಟ್ಟುಕೊಂಡು ವರ್ಷವಿಡೀ ನೀರು ಬಿಡುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಎರಡನೆಯದು ದಕ್ಷಿಣ ಆಫ್ರಿಕದ ಮೊಕೊಬುಲಾನ್. ಅಲ್ಲಿ ಹುಲ್ಲುಗಾವಲಿನ ಒಂದು ಕೊಳ್ಳದ ತುಂಬ ನೀಲಗಿರಿ ಹಚ್ಚಿದ ಒಂಬತ್ತನೆಯ ವರ್ಷಕ್ಕೆ ಹಳ್ಳ ಪೂರ್ತಿ ಬತ್ತಿತು. ಹದಿನಾರನೆಯ ವರ್ಷಕ್ಕೆ ಗಿಡಗಳನ್ನು ಕಡಿದರು. ಆದರೂ ನೀರು ಮರಳಿ ಹರಿಯಲು ಇನ್ನೂ ಐದು ವರ್ಷ ಬೇಕಾಯಿತು; ಏಕೆಂದರೆ ಬರಿದಾದ ನೆಲದ ಹೊಟ್ಟೆ ಮೊದಲು ತುಂಬಬೇಕಲ್ಲ! ಆ ದೇಶದವರು 1998ರ ತಮ್ಮ ಜಲಕಾಯದೆಯಲ್ಲಿ ಗಿಡಗಳ ತೋಪನ್ನು ‘ಹೊಳೆಯ ಹರಿವನ್ನು ಕಡಿಮೆ ಮಾಡುವ ಉದ್ಯೋಗ’ವೆಂದೇ ಎಣಿಸಿದರು.

ಇದನ್ನು ಓದಿದಾಗ ಮಿಶ್ರತೋಪಿನ ಪಕ್ಷವೇ ಗೆದ್ದಿತೆಂದು ನನಗೆ ಸಂತೋಷವಾಯಿತು. ಆದರೆ ಆಸ್ಟ್ರೇಲಿಯದ ಇನ್ನೊಂದು ಅಭ್ಯಾಸವು ಆ ಸಂತೋಷವನ್ನು ತಡೆಯಿತು. ಅಲ್ಲಿ ನೀಲಗಿರಿಯ ಒಂದು ಜಾತಿಯನ್ನೂ ಜಾಲಿಯ ಬಳಗದ ಒಂದು ಗಿಡವನ್ನೂ ಬೇರೆ ಬೇರೆಯಾಗಿ ಮತ್ತು ಕೂಡಿಸಿ ಬೆಳೆದು ನೋಡಿದಾಗ ಕೂಡಿಸಿದ ತೋಪೇ ಹೆಚ್ಚು ನೀರು ಕುಡಿಯಿತು! ಕುಡಿದ ಪ್ರತಿಯೊಂದು ಲೀಟರಿಗೆ ಅದು ಹೆಚ್ಚು ಕಟ್ಟಿಗೆ ಕಟ್ಟಿತೆಂಬುದು ನಿಜ. ಕಟ್ಟಿಗೆ ಬೇಕಾದವನಿಗೆ ಅದು ಲಾಭ. ಬಾವಿಯ ನೀರು ಬೇಕಾದವನಿಗೆ ಅದರಿಂದೇನು? ಆದ್ದರಿಂದ ಹಲವು ಜಾತಿ ಕೂಡಿದ ಮಾತ್ರಕ್ಕೆ ನೀರಿನ ಖರ್ಚು ಇಳಿಯುವದು ಎಂದು ಹೇಳಲಿಕ್ಕೆ ಬರುವದಿಲ್ಲ. ಯಾವ ಜಾತಿಗಳು ಕೂಡಿದವು ಎಂಬುದನ್ನು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಖರ್ಚಿನ ಕಡೆಯಿಂದ ಕಣ್ಣು ತೆಗೆದು ಜಮೆಯ ಕಡೆ ನೋಡಬೇಕು. ಅದು ಗಿಡದ ಮೇಲೆ ಕಾಣುವದಲ್ಲ, ಗಿಡದ ಬುಡದಲ್ಲಿ ಕಾಣುವದು.

ಇದನ್ನು ನಮ್ಮ ಒಕ್ಕಲುತನದ ಮಾತಿನಲ್ಲಿಯೇ ಹೇಳುವೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಬೀಳುವದಷ್ಟೇ. ಹೆಚ್ಚಿನವರು ಅದಕ್ಕೆ ಬೆಂಕಿ ಹಚ್ಚಿ ಕೈ ತೊಳೆದುಕೊಳ್ಳುವರು. ನಮ್ಮ ತಂದೆಯವರು ನಾಲ್ಕು ವರ್ಷದಿಂದ ಸುಡುವದನ್ನು ಬಿಟ್ಟು ಸಾಲು ಬಿಟ್ಟು ಸಾಲಿಗೆ ರವದಿ ಹಾಸುತ್ತಾರೆ. ರವದಿ ಸರಿಸಿ ಕೈಯಿಟ್ಟರೆ ಮಣ್ಣು ತಂಪು. ಎರೆಹುಳ ಓಡಾಡಿದ ತೂತುಗಳು. ನೀರು ಹಾಯಿಸಿದರೆ ಗಟಗಟನೆ ಕುಡಿಯುವದು. ಸುಟ್ಟ ಹೊಲದಲ್ಲಿ ಅದೇ ನೀರು ಮೇಲೆ ಹೆಪ್ಪುಗಟ್ಟಿ ನಿಲ್ಲುವದು. ಹಳೆಯ ಅಡವಿಯು ವರ್ಷವರ್ಷವೂ ತನ್ನ ಮೈಮೇಲಿನ ರವದಿಯನ್ನು ತಾನೇ ಹಾಸಿಕೊಳ್ಳುವದು. ಬೇವಿನ ಸಣ್ಣೆಲೆ ಬೇಗ ಕೊಳೆಯುವದು, ಮುತ್ತಲದ ದಪ್ಪೆಲೆ ತಡವಾಗಿ. ಒಂದು ಮಣ್ಣಾಗುತ್ತಿರುವಾಗ ಇನ್ನೊಂದು ಹೊದಿಕೆಯಾಗಿ ಉಳಿಯುವದು. ಕೆಳಗೆ ಹುಲ್ಲು, ಪೊದೆ, ಬಳ್ಳಿ. ಮಳೆಯ ಹನಿ ನೆಲವನ್ನು ನೇರವಾಗಿ ಬಡಿಯುವದೇ ಇಲ್ಲ. ಕಟ್ಟಿಗೆಗಾಗಿ ಒತ್ತೊತ್ತಾಗಿ ಹಚ್ಚಿ ಏಳೆಂಟು ವರ್ಷಕ್ಕೊಮ್ಮೆ ಕಡಿಯುವ ತೋಪಿಗೆ ಈ ಹಾಸಿಗೆಯನ್ನು ಕಟ್ಟಿಕೊಳ್ಳಲು ಪುರಸತ್ತೇ ಸಿಗುವದಿಲ್ಲ. ಇದ್ದ ಎಲೆಯನ್ನೂ ಒಲೆಗಾಗಿ ಬಳಿದೊಯ್ಯುವರು.

ಮಾತು ನಿಜವೋ ಎಂದು ನೋಡಲು ನಾನೂ ನನ್ನ ಸಹಪಾಠಿಯೊಬ್ಬನೂ ಕೂಡಿ ಒಂದು ಹುಡುಗಾಟದ ಪ್ರಯೋಗ ಮಾಡಿದೆವು. ಎಣ್ಣೆಯ ಡಬ್ಬಿಯ ಎರಡೂ ಬದಿ ಕತ್ತರಿಸಿ, ಅದನ್ನು ನೆಲದಲ್ಲಿ ನಾಲ್ಕು ಬೆರಳು ಊರಿ, ಅಳತೆಯ ತಂಬಿಗೆಯಿಂದ ನೀರು ಹಾಕಿ ಕಾಯುವದು, ಇಷ್ಟೇ. ಬೇವು, ಬನ್ನಿ, ಬಾರಿ ಕಂಟಿ ಕೂಡಿ ಬೆಳೆದ ಹಳೆಯ ಬದುವಿನಲ್ಲಿ ನಾವು ತಂಬಿಗೆ ಕೆಳಗಿಟ್ಟು ಕೂಡುವಷ್ಟರಲ್ಲಿ ನೀರು ಮಾಯ. ಒಬ್ಬ ಒಕ್ಕಲಿಗರ ನೀಲಗಿರಿ ತೋಪಿನಲ್ಲಿ ಒಣ ಮಣ್ಣಿನ ಮೇಲೆ ನೀರು ಮೊದಲು ಕೆಸವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು. ಕುರಿಗಳು ತುಳಿದ ಬೋಳು ಗಾಯರಾಣದಲ್ಲಿ ನಾವು ಹರಟೆ ಹೊಡೆದು ಬೇಸತ್ತರೂ ಡಬ್ಬಿಯಲ್ಲಿ ನೀರು ಹಾಗೆಯೇ ಇತ್ತು. ಮೂರು ಡಬ್ಬಿ ನೀರಿನಿಂದ ಶಾಸ್ತ್ರ ಹುಟ್ಟುವದಿಲ್ಲವೆಂದು ಬಲ್ಲೆ. ಆದರೆ ಜಗದೀಶ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮೊದಲಾದ ವಿಜ್ಞಾನಿಗಳು ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹಜ ಅಡವಿ, ಹಾಳಾದ ಅಡವಿ, ಅಕೇಶಿಯ ತೋಪು, ಈ ಮೂರನ್ನೂ ಹೋಲಿಸಿ 2010ರಿಂದೀಚೆಗೆ ಪ್ರಕಟಿಸಿದ ಬರಹಗಳೂ ಈ ದಿಕ್ಕಿಗೇ ಬೆರಳು ತೋರಿಸುತ್ತವೆ: ಹೆಚ್ಚು ನೀರು ಇಂಗುವದು ಸಹಜ ಅಡವಿಯ ನೆಲದಲ್ಲಿ; ಅಡವಿ ಹಾಳಾದರೆ ಇಂಗುವ ಶಕ್ತಿ ಕುಂದುವದು; ಆಮೇಲೆ ಒಂದೇ ಜಾತಿಯ ತೋಪು ಹಚ್ಚಿದರೆ ಆ ಶಕ್ತಿ ಮರಳುವದಾದರೂ ಬೇಗ ಮರಳುವದಿಲ್ಲ, ಪೂರ್ತಿಯಾಗಿಯೂ ಮರಳುವದಿಲ್ಲ. ಅವರ ನಾಡಿನಲ್ಲಿ ಮಳೆ ನಮ್ಮದರ ಎಷ್ಟೋ ಪಟ್ಟು ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿ ಗಿಡ ಕುಡಿದು ಉಳಿಯುವಷ್ಟು ನೀರಿದೆ. ಇಲ್ಲಿ ಗಿಡ ಒತ್ತಾದರೆ ಇಂಗಿದ್ದೆಲ್ಲವನ್ನೂ ಅದೇ ಮುಗಿಸೀತು.

ಹಲವು ಜಾತಿ ಕೂಡಿದರೆ ಬೇರುಗಳ ಹಂಚಿಕೆಯೂ ಬೇರೆಯಾಗುವದು. ಇದು ನಮ್ಮ ಹಿರಿಯರಿಗೆ ಹೊಸ ವಿದ್ಯೆಯಲ್ಲ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಏಕೆ ಹಾಕುತ್ತಿದ್ದರು? ಜೋಳದ ಬೇರು ಮೇಲೆ, ತೊಗರಿಯದು ಆಳಕ್ಕೆ. ಒಂದು ಹೊಲ, ಎರಡು ಉಗ್ರಾಣ. ಗಿಡಗಳಲ್ಲಿಯೂ ಹಾಗೆಯೇ. ಒಂದೇ ವಯಸ್ಸಿನ ಒಂದೇ ಜಾತಿಯ ಸಾವಿರ ಗಿಡಗಳು ಒಂದೇ ಆಳದಲ್ಲಿ, ಒಂದೇ ತಿಂಗಳಲ್ಲಿ ಬಾಯಿ ತೆರೆಯುವವು. ಬೇರೆ ಬೇರೆ ಜಾತಿಗಳಿದ್ದರೆ ಒಂದು ಎಲೆ ಉದುರಿಸಿ ಸುಮ್ಮನಿರುವಾಗ ಇನ್ನೊಂದು ಚಿಗುರುವದು. ಮುತ್ತಲ, ಕಮರಗಳಂಥ ನಮ್ಮ ಒಣನಾಡಿನ ಗಿಡಗಳು ಬೇಸಿಗೆಯಲ್ಲಿ ಎಲೆ ಉದುರಿಸುವದು ಬಡವನ ಮಿತವ್ಯಯದಂಥದು: ಆದಾಯವಿಲ್ಲದ ತಿಂಗಳು ಖರ್ಚೂ ಇಲ್ಲ. ಬಿಸಿಲಿಗೂ ಹಸಿರಾಗಿಯೇ ನಿಲ್ಲುವ ನೀಲಗಿರಿಗೆ ಈ ಜಿಗುಟುತನ ಗೊತ್ತಿಲ್ಲ.

ಮಿಶ್ರತೋಪಿನ ಮೇಲೆ ಗ್ರಾಮಸಭೆಯಲ್ಲಿ ಬಂದ ಆಕ್ಷೇಪಗಳನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ಹತ್ತು ಜಾತಿ ಎಂದರೆ ಹತ್ತು ಬಗೆಯ ಸಸಿ, ಹತ್ತು ಬಗೆಯ ಆರೈಕೆ. ಹುಣಸಿ ಫಲ ಕೊಡಲು ಒಂದು ತಲೆಮಾರು ಕಾಯಬೇಕು. ನಡುವೆ ಆಡುಗಳಿಂದ ಕಾಯುವವರಾರು? ಪ್ರಶ್ನೆಗಳು ಸುಳ್ಳಲ್ಲ. ರಾಜ್ಯ ಸರಕಾರವು 2017ರಲ್ಲಿ ಹೊಸದಾಗಿ ನೀಲಗಿರಿ, ಅಕೇಶಿಯ ಹಚ್ಚುವದನ್ನು ನಿಷೇಧಿಸಿದ ಮೇಲೆ ನೀಲಗಿರಿಯ ವಾದ ತಾನಾಗಿಯೇ ನಿಂತಿತು. ಆದರೆ ಅದರ ಜಾಗಕ್ಕೆ ಸುಬಾಬುಲವನ್ನೋ ಗಾಳಿಮರವನ್ನೋ ಅದೇ ಬಗೆಯಲ್ಲಿ ಸಾಲುಸಾಲಾಗಿ ತುಂಬಿದರೆ ಹೆಸರು ಬದಲಾದೀತೇ ಹೊರತು ಲೆಕ್ಕ ಬದಲಾಗದು.

ನಮ್ಮ ನೆಲಕ್ಕೆ ಏನು ಒಗ್ಗುವದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮುಧೋಳ, ಬೀಳಗಿ ತಾಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಕುರುಚಲು ಅಡವಿಯನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಸಾರಿದ್ದಾರೆ. ವಿಸ್ತಾರ 96 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಗಿಡ ವಿರಳ, ಮುಳ್ಳು ಹೆಚ್ಚು, ನಡುನಡುವೆ ಹುಲ್ಲು. ದೊಡ್ಡ ಅಡವಿ ನೋಡಿದವರಿಗೆ ಅದು ಅಡವಿಯೇ ಅಲ್ಲವೆನಿಸಬಹುದು. ನನಗೆ ಮಾತ್ರ, ಇಷ್ಟು ಮಳೆಗೆ ಇಷ್ಟೇ ಗಿಡ ಎಂದು ನೆಲವೇ ಬರೆದಿಟ್ಟ ಜಮಾಖರ್ಚಿನ ವಹಿಯಂತೆ ಅದು ಕಂಡಿತು.

ತಂದೆಯವರಿಗೆ ನಾನು ಕೊಟ್ಟ ಉತ್ತರ ಹೀಗಿತ್ತು. ಗಾಯರಾಣವನ್ನೆಲ್ಲ ಗಿಡದಿಂದ ತುಂಬುವದು ಬೇಡ. ಮೊದಲು ನಾಲ್ಕಾರು ಕಡೆ ಕುಣಿ ತೋಡಿ ಮಣ್ಣು ಎಷ್ಟು ಆಳವಿದೆ ಎಂದು ನೋಡಬೇಕು. ಗರಸು ಮೊಳದ ಕೆಳಗೇ ಸಿಕ್ಕುವಲ್ಲಿ ಗಿಡವೇ ಬೇಡ, ಹುಲ್ಲು ಸಾಕು. ಕುರಿಗಳಿಗೂ ಅದೇ ಬೇಕು. ಮಣ್ಣಿರುವಲ್ಲಿ ಬೇವು, ಬನ್ನಿ, ಕಮರ, ಮುತ್ತಲ, ಹೊಂಗೆಗಳನ್ನು ದೂರ ದೂರ ಕೂಡಿಸಿ ಹಚ್ಚಬೇಕು. ಹುಣಸಿಯನ್ನು ತಗ್ಗಿನಲ್ಲಿ ಮಾತ್ರ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಬೇಕು. ಉದುರಿದ ಎಲೆಯನ್ನು ಯಾರೂ ಬಳಿಯಬಾರದು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಎಲಿ ಬಳೀಬ್ಯಾಡ್ರಿ ಅಂದ್ರ ಒಲಿಗಿ ಏನ ಹಾಕ್ತಾರಪಾ?” ಎಂದರು. ನಮ್ಮ ಮನೆಯಲ್ಲಿ ಗ್ಯಾಸ್ ಬಂದಿದೆ. ಏರಿನ ಮೇಲಿನ ಓಣಿಯ ಎಲ್ಲ ಮನೆಗಳಲ್ಲಿ ಸಿಲಿಂಡರು ತಿಂಗಳು ತಿಂಗಳು ತುಂಬುವದಿಲ್ಲ. ಹೀಗಾಗಿ ಒಡ್ಡಿನ ಗುಂಟ ಎರಡು ಸಾಲು ಕರಿಜಾಲಿಯನ್ನು ಉರುವಲಿಗೆಂದೇ ಬಿಡಬೇಕೆಂದು ಗೊತ್ತುಮಾಡಿದ್ದೇವೆ. ಗ್ರಾಮಸಭೆ ಇನ್ನೂ ಒಪ್ಪಿಲ್ಲ. ಒಪ್ಪಿದರೆ ರೋಹಿಣಿ ಮಳೆಗೆ ಮೊದಲು ಕುಣಿಗಳು ಆಗಬೇಕು, ಮಿರಗಕ್ಕೆ ಸಸಿ ನೆಲದಲ್ಲಿ ಇರಬೇಕು.